ಕೃಷಿ ಪದವಿಗೆ ಧಾರವಾಡವೋ, ರಾಯಚೂರೋ?

ಪಿಯುಸಿ ವಿಜ್ಞಾನ ಮುಗಿಸಿದ ಮಕ್ಕಳಿರುವ ರೈತರ ಮನೆಯಲ್ಲಿ ಮೇ, ಜೂನ್ ತಿಂಗಳು ಬಂತೆಂದರೆ ಬಿತ್ತಿಗೆಯ ಜೊತೆಗೆ ಇನ್ನೊಂದು ಚಿಂತೆ. ಸಿಇಟಿ ರ‍್ಯಾಂಕ್ ಬಂದಿರುತ್ತದೆ. ಬಿಎಸ್ಸಿ ಕೃಷಿ ಓದಿಸೋಣ ಎಂದು ಮನಸ್ಸಾಗಿರುತ್ತದೆ. ಯಾವ ವಿಶ್ವವಿದ್ಯಾಲಯ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕೊಪ್ಪಳ ಜಿಲ್ಲೆಯ ನಮ್ಮಂಥವರಿಗೆ ಇದು ಸಾಮಾನ್ಯವಾಗಿ ಎರಡು ಹೆಸರಿನ ಪ್ರಶ್ನೆ: ಧಾರವಾಡ ಕೃಷಿ ವಿಶ್ವವಿದ್ಯಾಲಯ, ರಾಯಚೂರು ಕೃಷಿ ವಿಶ್ವವಿದ್ಯಾಲಯ. ಎರಡೂ ಸರಕಾರದವು.

ನಾನು ಕುಷ್ಟಗಿ ತಾಲ್ಲೂಕಿನ ಮಳೆ ನಂಬಿದ ಒಕ್ಕಲಿಗ. ಆರು ಎಕರೆ ಮಸಾರಿ, ಮೂರು ಎಕರೆ ಎರೆ. ಸಜ್ಜೆ, ಹೆಸರು, ತೊಗರಿ, ಹಿಂಗಾರಿಗೆ ಬಿಳಿಜೋಳ, ಕಡಲೆ. ಓದಿದ್ದು ಏಳನೇ ತರಗತಿ ತನಕ. ಮಗಳು 2023ರಲ್ಲಿ ಸಿಇಟಿ ಬರೆದಳು. ಆಗ ಎರಡೂ ಊರಿಗೆ ಹೋಗಿ, ಕೇಳಿ, ಕಾಗದ ಓದಿಸಿಕೊಂಡು ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಇದ್ದರೆ ಉಪಯೋಗವಾದೀತು.

ಎರಡೂ ಒಂದೇ ಬಳ್ಳಿಯವು

‘ಧಾರವಾಡ ಅಂದ್ರೆ ಧಾರವಾಡ, ರಾಯಚೂರು ಮೊನ್ನೆ ಮೊನ್ನೆ ಹುಟ್ಟಿದ್ದು’ ಎಂದು ನಮ್ಮಲ್ಲಿ ಬಹಳ ಜನ ಹೇಳುತ್ತಾರೆ. ಅರ್ಧ ನಿಜ. ಧಾರವಾಡದ ಕೃಷಿ ಕಾಲೇಜು ಶುರುವಾದದ್ದು 1947ರಲ್ಲಿ. ಮೊದಲು ರಾಜ್ಯಕ್ಕೆಲ್ಲ 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಒಂದೇ ಇತ್ತು. 1986ರಲ್ಲಿ ಅದರಿಂದ ಧಾರವಾಡ ಬೇರೆ ಆಯಿತು. 2008-09ರಲ್ಲಿ ಧಾರವಾಡದಿಂದ ರಾಯಚೂರು ಬೇರೆ ಆಯಿತು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಕಾಲೇಜು, ಸಂಶೋಧನಾ ಕೇಂದ್ರಗಳೆಲ್ಲ ರಾಯಚೂರಿನ ಪಾಲಿಗೆ ಬಂದವು. ಅಣ್ಣತಮ್ಮಂದಿರು ಪಾಲಾದಾಗ ಹೊಸ ಮನೆ ಕಟ್ಟಿದರೂ ಹೊಲ ಹಳೆಯದೇ ಇರುತ್ತದಲ್ಲ, ಹಾಗೆ.

ಒಣ ಬೇಸಾಯದ ಮಟ್ಟಿಗಂತೂ ರಾಯಚೂರು ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ, 1930ರ ದಶಕದಲ್ಲಿ, ಮಳೆ ಆಶ್ರಯದ ಬೇಸಾಯ ಸುಧಾರಿಸಲು ದೇಶದಲ್ಲಿ ಐದು ಕಡೆ ಸಂಶೋಧನಾ ಕೇಂದ್ರ ತೆರೆದರು. ಸೊಲ್ಲಾಪುರ, ಬಿಜಾಪುರ, ರಾಯಚೂರು, ಬಳ್ಳಾರಿ ಹತ್ತಿರದ ಹಗರಿ, ದೂರದ ರೋಹ್ಟಕ್. ಐದರಲ್ಲಿ ಮೂರು ಇಂದಿನ ನಮ್ಮ ರಾಜ್ಯದವೇ. ಬಿಜಾಪುರದ್ದು ಈಗ ಧಾರವಾಡದ ಕಡೆ, ರಾಯಚೂರು ಮತ್ತು ಹಗರಿ ರಾಯಚೂರಿನ ಕಡೆ.

ನಮ್ಮ ಹೊಲಕ್ಕೆ ಬಂದ ತಳಿಗಳನ್ನೇ ನೋಡಿ. ಎಲೆಚುಕ್ಕೆ, ತುಕ್ಕು ರೋಗ ತಡೆಯುವ ಜಿಪಿಬಿಡಿ-4 ಶೇಂಗಾ ಧಾರವಾಡದ್ದು. ಸೊರಗು ರೋಗ ತಡೆಯುವ ಟಿಎಸ್-3ಆರ್ ತೊಗರಿ ಕಲಬುರಗಿ ಕೇಂದ್ರದ್ದು, ಅಂದರೆ ರಾಯಚೂರು ವಿಶ್ವವಿದ್ಯಾಲಯದ್ದು. 1972ರಲ್ಲಿ ವರಲಕ್ಷ್ಮಿ ಹತ್ತಿ ಕೊಟ್ಟದ್ದು ಧಾರವಾಡ. ಯಾರದ್ದು ಹೆಚ್ಚು, ಯಾರದ್ದು ಕಡಿಮೆ ಎಂದು ತೂಗಲು ಬರುವುದಿಲ್ಲ.

ಪದವಿ ಒಂದೇ, ಪಾಠ ಒಂದೇ

ಎರಡೂ ಕಡೆ ಕೊಡುವುದು ಬಿಎಸ್ಸಿ (ಆನರ್ಸ್) ಕೃಷಿ ಪದವಿ. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಪಠ್ಯದ ಚೌಕಟ್ಟು ಹಾಕುವುದು ದಿಲ್ಲಿಯ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, ಎಲ್ಲರೂ ಐಸಿಎಆರ್ ಎನ್ನುವುದು ಇದಕ್ಕೇ. ಅದು ನೇಮಿಸಿದ ಡೀನ್‌ಗಳ ಸಮಿತಿ ಹೇಳಿದಂತೆ ಎಲ್ಲ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳೂ ಪಾಠ ಮಾಡುತ್ತವೆ. 2024-25ರಿಂದ ಆರನೇ ಸಮಿತಿಯ ಹೊಸ ಪಠ್ಯಕ್ರಮ ಬಂದಿದೆ. ಬೇಸಾಯಶಾಸ್ತ್ರ, ಮಣ್ಣು, ತಳಿ, ಕೀಟ, ರೋಗ, ಅರ್ಥಶಾಸ್ತ್ರ, ವಿಸ್ತರಣೆ ಎಲ್ಲವೂ ಎರಡೂ ಕಡೆ ಇವೆ. ಪಾಠ ಇಂಗ್ಲಿಷಿನಲ್ಲಿ. ಹತ್ತನೇ ತನಕ ಕನ್ನಡದಲ್ಲಿ ಓದಿದ ಮಕ್ಕಳಿಗೆ ಮೊದಲ ವರ್ಷ ಎರಡೂ ಕಡೆ ಅಷ್ಟೇ ಕಷ್ಟ.

ಕೊನೆಯ ವರ್ಷದಲ್ಲಿ ಮಕ್ಕಳು ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡಬೇಕು. ಇದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಎನ್ನುತ್ತಾರೆ. ಬಾಯಿಮಾತಿನಲ್ಲಿ ‘ರಾವೆ’. ಅದರ ಜೊತೆಗೆ ಬೀಜೋತ್ಪಾದನೆ, ಅಣಬೆ, ಎರೆಗೊಬ್ಬರ, ಜೇನು, ಸಸಿಮಡಿ ಇಂಥದ್ದರಲ್ಲಿ ಒಂದನ್ನು ಗುಂಪಾಗಿ ತಾವೇ ನಡೆಸಿ ಮಾರಿ ಲೆಕ್ಕ ಒಪ್ಪಿಸುವ ಕಲಿಕೆಯೂ ಉಂಟು. ನಮ್ಮೂರಿಗೆ ಹಿಂದೊಮ್ಮೆ ರಾವೆ ಮಕ್ಕಳು ಬಂದಿದ್ದರು. ಮೊದಲ ವಾರ ಕುಂಟೆ ಯಾವುದು, ಕೂರಿಗೆ ಯಾವುದು ಎಂದು ಕೇಳುತ್ತಿದ್ದವರು ಹೋಗುವ ಹೊತ್ತಿಗೆ ಕಡಲೆಗೆ ಬೀಜೋಪಚಾರ ಮಾಡಿ ತೋರಿಸಿ, ಮೊಳಕೆ ಎಣಿಸಿ ಕೊಟ್ಟು ಹೋದರು. ಅವರನ್ನು ನೋಡಿಯೇ ನನ್ನ ಮಗಳಿಗೆ ಈ ಓದಿನ ಆಸೆ ಹುಟ್ಟಿದ್ದು.

ವಿಶ್ವವಿದ್ಯಾಲಯಕ್ಕಿಂತ ಕಾಲೇಜು ನೋಡಿ

ಇದು ನನಗೆ ತಿಳಿದ ಮುಖ್ಯ ಮಾತು. ಧಾರವಾಡ ಎಂದರೆ ಧಾರವಾಡ ಊರು ಮಾತ್ರ ಅಲ್ಲ. ಅದರ ಕೈಕೆಳಗೆ ವಿಜಯಪುರದಲ್ಲಿ ಒಂದು ಕೃಷಿ ಕಾಲೇಜು, ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಒಂದು. ರಾಯಚೂರಿನ ಕೈಕೆಳಗೆ ರಾಯಚೂರಲ್ಲದೆ ಕಲಬುರಗಿ, ಶಹಾಪುರ ಹತ್ತಿರದ ಭೀಮರಾಯನಗುಡಿ. ಸಿಇಟಿಯಲ್ಲಿ ಸಿಗುವುದು ಒಂದು ಕಾಲೇಜಿನ ಸೀಟು. ಮಗು ನಾಲ್ಕು ವರ್ಷ ಕೂರುವುದು ಅಲ್ಲಿ. ನೋಡುವ ಮಣ್ಣು ಅಲ್ಲಿಯದು.

ನಮ್ಮ ರಾಜ್ಯವನ್ನು ಹತ್ತು ಕೃಷಿ ಹವಾಮಾನ ವಲಯ ಮಾಡಿದ್ದಾರೆ. ಧಾರವಾಡ, ಹನುಮನಮಟ್ಟಿ ಎಂಟನೇ ವಲಯದಲ್ಲಿ ಬರುತ್ತವೆ. ಮಲೆನಾಡಿಗೂ ಬಯಲಿಗೂ ನಡುವಿನ ಸೀಮೆ ಅದು. ಮಳೆ ನಮಗಿಂತ ಹೆಚ್ಚು, ಬಿಸಿಲು ಕಡಿಮೆ. ಸೋಯಾ, ಗೋವಿನಜೋಳ, ಹತ್ತಿ ಜೋರು. ರಾಯಚೂರು ಎರಡನೇ ವಲಯ. ಬಿಸಿಲ ನಾಡು. ಸುತ್ತ ತುಂಗಭದ್ರಾ, ಕೃಷ್ಣಾ ಕಾಲುವೆಯ ಭತ್ತವೂ ಇದೆ, ಮಳೆ ಆಶ್ರಯದ ತೊಗರಿ, ಕಡಲೆ, ಹತ್ತಿಯೂ ಇದೆ. ಭೀಮರಾಯನಗುಡಿ ಕೃಷ್ಣಾ ಕಾಲುವೆ ಸೀಮೆ. ಕಲಬುರಗಿ ತೊಗರಿಯ ತವರು. ನಮ್ಮ ಕೊಪ್ಪಳ ಮೂರನೇ ವಲಯ, ಉತ್ತರದ ಒಣ ವಲಯ. ವಿಜಯಪುರವೂ ಇದೇ ವಲಯದ್ದು.

ಹೀಗಾಗಿ ಚೌಕುಮಡಿ ಹಾಕಿ ಮಳೆ ನೀರು ಹಿಂಗಿಸುವುದು, ಹಿಂಗಾರಿ ಜೋಳ, ಕಡಲೆ, ಕುಸುಬೆ ಇಂಥ ನಮ್ಮ ಬೇಸಾಯವನ್ನು ಕಣ್ಣೆದುರು ನೋಡುತ್ತ ಕಲಿಯಬೇಕು ಎಂದರೆ ವಿಜಯಪುರದ ಹಿಟ್ನಳ್ಳಿ ಫಾರ್ಮಿನ ಕಾಲೇಜು ನಮಗೆ ಹತ್ತಿರ. ಅದು ಇರುವುದು ಧಾರವಾಡದ ಕೆಳಗೆ. ತೊಗರಿಯೇ ಮುಖ್ಯ ಬೆಳೆ ಇರುವವರಿಗೆ ಕಲಬುರಗಿ ಹತ್ತಿರ. ಅದು ರಾಯಚೂರಿನ ಕೆಳಗೆ. ಬರೀ ಎರಡು ಹೆಸರು ಹಿಡಿದು ಜಗ್ಗಾಡಿದರೆ ಈ ಸಂಗತಿ ಕಣ್ಣಿಗೆ ಬೀಳುವುದಿಲ್ಲ.

ಮುಂದೆ ಎಂಎಸ್ಸಿ, ಪಿಎಚ್‌ಡಿ ಮಾಡುವ ಆಸೆ ಇದ್ದರೆ ಧಾರವಾಡ ಮತ್ತು ರಾಯಚೂರು ಮುಖ್ಯ ಆವರಣಗಳಿಗೆ ಬೇರೆ ತೂಕ ಇದೆ. ಉನ್ನತ ಓದಿನ ವಿಭಾಗ, ದೊಡ್ಡ ಗ್ರಂಥಾಲಯ, ಪ್ರಯೋಗಾಲಯ ಅಲ್ಲಿವೆ. ದೊಡ್ಡ ಅಣ್ಣ-ಅಕ್ಕಂದಿರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವುದನ್ನು ನೋಡಿ ಚಿಕ್ಕವರೂ ಕಲಿಯುತ್ತಾರೆ. ಧಾರವಾಡದ ವಿಭಾಗಗಳು ಹಳೆಯವು. ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜು ಅದೇ ಆವರಣದಲ್ಲಿದೆ. ಕಾಳು, ಹಣ್ಣು, ತರಕಾರಿಯಲ್ಲಿ ಉಳಿದ ಔಷಧದ ಅಂಶ ಪರೀಕ್ಷಿಸುವ ಪ್ರಯೋಗಾಲಯವೂ ಇದೆ.

ಸೀಟಿನ ಲೆಕ್ಕ

ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371-ಜೆ ಪ್ರಕಾರ 2013ರಿಂದ ಮೀಸಲಾತಿ ಇದೆ. ನಮ್ಮ ಭಾಗದ ಒಳಗಿನ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಈ ಭಾಗದ ಮಕ್ಕಳಿಗೆ. ರಾಜ್ಯದ ಉಳಿದ ಕಡೆ ನೂರಕ್ಕೆ 8. ಅಂದರೆ ನಮ್ಮ ಮಗು ರಾಯಚೂರು, ಕಲಬುರಗಿ, ಭೀಮರಾಯನಗುಡಿಯಲ್ಲಿ ದೊಡ್ಡ ಪಾಲಿಗೆ ಹಕ್ಕುದಾರ. ಧಾರವಾಡ, ವಿಜಯಪುರದಲ್ಲಿ ಸಣ್ಣ ಪಾಲು. ಇದರಿಂದಾಗಿ ಒಂದೇ ರ‍್ಯಾಂಕಿಗೆ ರಾಯಚೂರು ಸಿಕ್ಕು ಧಾರವಾಡ ಸಿಗದೆ ಹೋಗಬಹುದು. ‘ರಾಯಚೂರು ಕಡಿಮೆ ದರ್ಜೆಯದು, ಅದಕ್ಕೇ ಸುಲಭಕ್ಕೆ ಸಿಗುತ್ತದೆ’ ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ, ಅದು ಪಾಲಿನ ಲೆಕ್ಕ. ಪಕ್ಕದ ಗದಗ ಜಿಲ್ಲೆಯ ರೋಣದವರಿಗೆ ಈ ಲೆಕ್ಕ ಪೂರಾ ತಿರುವುಮುರುವು.

ಎರಡನೆಯದು ಕೃಷಿಕರ ಮಕ್ಕಳ ಕೋಟಾ. ಇದಕ್ಕೆ ಬೇರೆಯೇ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಗೊಬ್ಬರ, ಬೇಸಾಯದ ಸಾಮಾನು, ಕಳೆ ಇವನ್ನೆಲ್ಲ ನೋಡಿ ಗುರುತಿಸಬೇಕು. ಅದರ ಅಂಕವೂ ರ‍್ಯಾಂಕಿಗೆ ಸೇರುತ್ತದೆ. ರೈತರ ಮಕ್ಕಳಿಗೆ ಇದೇನು ದೊಡ್ಡದು ಅನ್ನಬೇಡಿ. ಪಿಯುಸಿಗೆಂದು ಎರಡು ವರ್ಷ ಹಾಸ್ಟೆಲಿನಲ್ಲಿದ್ದ ಮಕ್ಕಳಿಗೆ ನವಣೆ ಯಾವುದು, ಸಾವೆ ಯಾವುದು ಎಂಬುದು ಮರೆತಿರುತ್ತದೆ. ನಾನು ಮಗಳಿಗೆ ಹದಿನೈದು ದಿನ ಮನೆಯಲ್ಲಿದ್ದ ಕಾಳನ್ನೆಲ್ಲ ಬಟ್ಟಲಿಗೆ ಹಾಕಿ ದಿನಾ ಸಂಜೆ ಕೇಳುತ್ತಿದ್ದೆ. ಗುರೆಳ್ಳು, ಅಗಸೆ, ಮಡಿಕೆ, ಹುರುಳಿ ಎಲ್ಲ ಬಂದವು. ಯೂರಿಯಾ, ಡಿಎಪಿ, ಪೊಟ್ಯಾಷ್, ಜಿಪ್ಸಂ ಗುರುತಿಸಲು ಗೊಬ್ಬರದ ಅಂಗಡಿಗೇ ಕರೆದುಕೊಂಡು ಹೋದೆ.

ಮೂರನೆಯದು ಕಾಗದಪತ್ರ. 371-ಜೆ ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿಗಳು. ಕೃಷಿಕರ ಪ್ರಮಾಣಪತ್ರ, ಜಾತಿ-ಆದಾಯದ್ದು ತಹಸೀಲ್ದಾರರ ಕಡೆಯಿಂದ. ಒಂದರಿಂದ ಹತ್ತನೇ ತನಕ ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಪ್ರಮಾಣಪತ್ರ, ಕನ್ನಡದಲ್ಲಿ ಓದಿದ್ದಕ್ಕೆ ಕನ್ನಡ ಮಾಧ್ಯಮ ಪ್ರಮಾಣಪತ್ರ. ಎರಡಕ್ಕೂ ಶಾಲೆ ಮತ್ತು ಶಿಕ್ಷಣಾಧಿಕಾರಿ ಕಚೇರಿಗೆ ಅಲೆಯಬೇಕು. ಇವನ್ನೆಲ್ಲ ಸಿಇಟಿ ಅರ್ಜಿ ಹಾಕುವ ಮೊದಲೇ, ಚಳಿಗಾಲದಲ್ಲೇ ಮಾಡಿಸಿಡಿ. ಅರ್ಜಿಯಲ್ಲಿ ಕೋಟಾ ಕೇಳದೆ ಬಿಟ್ಟರೆ ಆಮೇಲೆ ಕಾಗದ ಇದ್ದರೂ ತೊಂದರೆ.

‘ದುಡ್ಡು ಕೊಡ್ರಿ, ಧಾರವಾಡದ ಸೀಟು ಕೊಡಿಸ್ತೀನಿ’ ಎನ್ನುವವನೊಬ್ಬ ನಮ್ಮ ಮನೆಗೂ ಬಂದಿದ್ದ. ಚಹಾ ಕೊಟ್ಟು ಕಳಿಸಿದೆವು. ಈ ಕೋಟಾದ ಸರಕಾರಿ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ನಡುವೆ ಯಾರೂ ಇಲ್ಲ.

ಪಟ್ಟಿ ಬರೆಯುವ ಕ್ರಮ

ರ‍್ಯಾಂಕ್ ಬಂದ ಮೇಲೆ ಬೇಕಾದ ಕಾಲೇಜುಗಳನ್ನು ಒಂದು, ಎರಡು, ಮೂರು ಎಂದು ಕಂಪ್ಯೂಟರಿನಲ್ಲಿ ಬರೆಯಬೇಕು. ಆಪ್ಷನ್ ಎಂಟ್ರಿ ಎನ್ನುತ್ತಾರೆ. ಇಲ್ಲಿ ಬಹಳ ಜನ ಅಂಜುತ್ತಾರೆ. ‘ಧಾರವಾಡ ಮೊದಲು ಬರೆದು ಅದು ಸಿಗದಿದ್ದರೆ ರಾಯಚೂರೂ ಕೈತಪ್ಪೀತು’ ಎಂದು ಸಿಗುವಂಥದ್ದನ್ನೇ ಮೇಲೆ ಹಾಕುತ್ತಾರೆ. ಇದು ತಪ್ಪು ತಿಳಿವಳಿಕೆ.

ಕಂಪ್ಯೂಟರ್ ಮಕ್ಕಳನ್ನು ರ‍್ಯಾಂಕಿನ ಪ್ರಕಾರ ಸಾಲಾಗಿ ತೆಗೆದುಕೊಳ್ಳುತ್ತದೆ. ನಿಮ್ಮ ಮಗುವಿನ ಪಾಳಿ ಬಂದಾಗ ಅದರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದು, ಮೊದಲು ಸಿಗುವ ಸೀಟು ಕೊಟ್ಟು ನಿಲ್ಲುತ್ತದೆ. ಧಾರವಾಡ ಖಾಲಿ ಇಲ್ಲದಿದ್ದರೆ ಅದೇ ಪಾಳಿಯಲ್ಲೇ ರಾಯಚೂರು ನೋಡುತ್ತದೆ. ಮೇಲೆ ಆಸೆ ಬರೆದದ್ದರಿಂದ ಕೆಳಗಿನದು ಹೋಗುವುದಿಲ್ಲ. ಆದರೆ ರಾಯಚೂರು ಮೇಲೆ ಬರೆದು ಅದು ಸಿಕ್ಕಿತೋ, ಕೆಳಗೆ ಬರೆದ ಧಾರವಾಡದ ಕಡೆ ಅದು ತಿರುಗಿ ನೋಡುವುದಿಲ್ಲ. ಆದ್ದರಿಂದ ಮನಸ್ಸಿನಲ್ಲಿ ಯಾವುದು ಮೊದಲೋ ಅದನ್ನೇ ಮೊದಲು ಬರೆಯಿರಿ. ಹೋಗಲು ಮನಸ್ಸೇ ಇಲ್ಲದ ಕಾಲೇಜನ್ನು ಪಟ್ಟಿಗೇ ಸೇರಿಸಬೇಡಿ.

ಮೊದಲು ಅಣಕು ಹಂಚಿಕೆ ಬಿಡುತ್ತಾರೆ. ಅದು ನಿಜವಾದ ಸೀಟಲ್ಲ, ಅಂದಾಜು ಅಷ್ಟೇ. ನೋಡಿಕೊಂಡು ಪಟ್ಟಿ ತಿದ್ದಬಹುದು. ನಿಜವಾದ ಸುತ್ತಿನಲ್ಲಿ ಸೀಟು ಸಿಕ್ಕ ಮೇಲೆ ನಾಲ್ಕು ದಾರಿ. ಒಂದು, ಒಪ್ಪಿ ಸೇರುವುದು. ಎರಡು, ಇದನ್ನು ಇಟ್ಟುಕೊಂಡು ಮೇಲಿನ ಕಾಲೇಜಿಗಾಗಿ ಮುಂದಿನ ಸುತ್ತು ಕಾಯುವುದು. ಮೇಲಿನದು ಸಿಕ್ಕರೆ ಮೊದಲಿನದು ತಾನಾಗಿ ಹೋಗುತ್ತದೆ. ಮೂರು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಇದರಲ್ಲಿ ಕೈಯಲ್ಲಿದ್ದದ್ದೂ ಹೋದೀತು. ನಾಲ್ಕು, ಪೂರಾ ಬಿಡುವುದು. ಒಂದಕ್ಕೂ ಎರಡಕ್ಕೂ ಮೂರಕ್ಕೂ ಇರುವ ಫರಕು ಮನೆಯವರೆಲ್ಲ ಕೂತು ತಿಳಿದುಕೊಳ್ಳಿ. ವರ್ಷಕ್ಕೊಮ್ಮೆ ನಿಯಮ ಅಷ್ಟಿಷ್ಟು ಬದಲಾಗುತ್ತವೆ. ಆ ವರ್ಷದ ಪ್ರಾಧಿಕಾರದ ಪುಸ್ತಿಕೆ ಓದಲೇಬೇಕು. ಪಾಸ್‌ವರ್ಡ್ ಕಂಪ್ಯೂಟರ್ ಅಂಗಡಿಯಲ್ಲಿ ಬಿಟ್ಟು ಬರಬೇಡಿ.

ಖರ್ಚು, ದೂರ

ಎರಡೂ ಸರಕಾರಿ ಆದ್ದರಿಂದ ಫೀಯಲ್ಲಿ ಬಹಳ ಅಂತರ ಇಲ್ಲ. ಅಂತರ ಬರುವುದು ಹಾಸ್ಟೆಲ್, ಮೆಸ್, ಓಡಾಟದಲ್ಲಿ. ಕುಷ್ಟಗಿಯಿಂದ ರಾಯಚೂರು ಮೂಡಣಕ್ಕೆ, ಧಾರವಾಡ ಪಡುವಣಕ್ಕೆ. ಬಸ್ಸಿನಲ್ಲಿ ಎರಡೂ ಅರ್ಧ ದಿನದ ದಾರಿಯೇ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲದ್ದರಿಂದ ನಮಗೆ ಓಡಾಟದ ಖರ್ಚು ಉಳಿಯಿತು. ಹಾಸ್ಟೆಲ್ ಮೊದಲ ವರ್ಷವೇ ಸಿಗುತ್ತದೆಯೇ ಎಂದು ಮಾತ್ರ ಆಯಾ ಕಾಲೇಜಿನಲ್ಲೇ ಕೇಳಬೇಕು. ಸಿಗದೆ ಹೊರಗೆ ರೂಮು ಹಿಡಿದರೆ ಸರಕಾರಿ ಸೀಟಿನ ಲಾಭ ಅರ್ಧ ಹೋಗುತ್ತದೆ.

ನಾನು ಇದಕ್ಕೆಂದೇ ಟಗರು ಮರಿ ಸಾಕಿದ್ದೇನೆ. ಒಂದು ಸೆಮಿಸ್ಟರಿಗೆ ಎರಡು ಟಗರು ಎಂದು ಲೆಕ್ಕ. ಮಳೆ ಕೈಕೊಟ್ಟರೂ ಓದು ನಿಲ್ಲಬಾರದು. ಬೆಳೆಯ ದುಡ್ಡನ್ನೇ ನಂಬಿ ಫೀ ಕಟ್ಟುತ್ತೇನೆ ಎನ್ನುವುದು ಒಣ ಬೇಸಾಯದವರಿಗೆ ಆಗದ ಮಾತು.

ಓದಿದ ಮೇಲೆ

ನೌಕರಿಗೆ ಅರ್ಜಿ ಹಾಕುವಾಗ ಎರಡೂ ವಿಶ್ವವಿದ್ಯಾಲಯದ ಪದವಿಗೆ ಒಂದೇ ಬೆಲೆ. 2024ರಲ್ಲಿ ಕೆಪಿಎಸ್‌ಸಿ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಸೇರಿ 945 ಹುದ್ದೆಗೆ ಅರ್ಜಿ ಕರೆಯಿತು. ಅದರಲ್ಲಿ 273 ಕಲ್ಯಾಣ ಕರ್ನಾಟಕಕ್ಕೆ. ಧಾರವಾಡದವರು, ರಾಯಚೂರಿನವರು ಎಲ್ಲ ಒಂದೇ ಪರೀಕ್ಷೆ ಬರೆಯಬೇಕು. ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆಗೂ ಹಾಗೇ. ಗೊಬ್ಬರ, ಔಷಧದ ಅಂಗಡಿ ಲೈಸೆನ್ಸಿಗೆ ಕೇಳುವ ಓದಿನ ಅರ್ಹತೆಯೂ ಈ ಪದವಿಯಿಂದ ಬರುತ್ತದೆ. ನೌಕರಿ ಸಿಗದಿದ್ದರೆ ಹಳ್ಳಿಯಲ್ಲೇ ಬದುಕಲು ಇದೂ ಒಂದು ದಾರಿ.

ನಾವು ಮಾಡಿದ್ದು

ನಮ್ಮ ಮನೆಯಲ್ಲಿ ಮೂರು ಅಭಿಪ್ರಾಯ. ಹಿರಿಯರು ಕೆಲವರು, ‘ಹೆಣ್ಣು ಹುಡುಗಿಗೆ ನಾಲ್ಕು ವರ್ಷ ಪರಊರು ಯಾಕ, ಕುಷ್ಟಗ್ಯಾಗ ಡಿಗ್ರಿ ಮಾಡ್ಲಿ’ ಎಂದರು. ನನಗೆ ವಿಜಯಪುರದ ಮೇಲೆ ಮನಸ್ಸು, ನಮ್ಮ ಹೊಲದಂಥ ಹೊಲದಲ್ಲಿ ಕಲಿಯಲಿ ಎಂದು. ಮಗಳು, ‘ಅಪ್ಪಾ, ನನಗ ತಳಿ ಅಭಿವೃದ್ಧಿಯೊಳಗ ಎಂಎಸ್ಸಿ ಮಾಡೋದೈತಿ. ಸಜ್ಜಿ, ನವಣಿ ಮ್ಯಾಲೆ ಕೆಲಸ ಮಾಡಬೇಕು. ಮೊದಲ ಧಾರವಾಡ, ಆಮೇಲೆ ರಾಯಚೂರು ಬರಿತೀನಿ’ ಎಂದಳು. ಓದುವವಳು ಅವಳು. ಪಟ್ಟಿ ಅವಳದೇ ಇರಲಿ ಎಂದೆ. ಧಾರವಾಡ, ರಾಯಚೂರು, ವಿಜಯಪುರ, ಕಲಬುರಗಿ, ಕಡೆಗೆ ಭೀಮರಾಯನಗುಡಿ ಎಂದು ಬರೆದಳು. ಮೊದಲ ಸುತ್ತಿನಲ್ಲಿ ರಾಯಚೂರು ಬಂತು. ಎರಡನೇ ದಾರಿ ಹಿಡಿದು ಕಾದೆವು. ಧಾರವಾಡ ಬರಲಿಲ್ಲ. ರಾಯಚೂರಿಗೆ ಸೇರಿದಳು.

ಮೊದಲ ಸೆಮಿಸ್ಟರ್ ಇಂಗ್ಲಿಷಿನಿಂದ ಕಷ್ಟಪಟ್ಟಳು. ಬಿಸಿಲಿಗೂ ಹೈರಾಣಾದಳು. ಆಮೇಲೆ ಹೊಂದಿಕೊಂಡಳು. ರಜೆಗೆ ಬಂದಾಗ ನನ್ನ ಮಸಾರಿ ಹೊಲದ ಮಣ್ಣು ಒಯ್ದು ಪರೀಕ್ಷೆ ಮಾಡಿಸಿ ತಂದಳು. ಸತುವಿನ ಕೊರತೆ ಇದೆ ಎಂದು ಬಂತು. ಧಾರವಾಡಕ್ಕೆ ಹೋಗಿದ್ದರೂ ಇದನ್ನೇ ಮಾಡುತ್ತಿದ್ದಳು. ಎಂಎಸ್ಸಿಗೆ ಧಾರವಾಡದ ಬಾಗಿಲು ಇನ್ನೂ ತೆರೆದೇ ಇದೆ.

ಕಾಲೇಜು ನೋಡಲು ಹೋದಾಗ ಕೇಳಿ

ಧಾರವಾಡ, ರಾಯಚೂರು ಎರಡೂ ಕಡೆ ಕೃಷಿ ಮೇಳ ನಡೆಯುತ್ತದೆ. ಮಗು ಪಿಯುಸಿಯಲ್ಲಿರುವಾಗಲೇ ಮೇಳಕ್ಕೆ ಕರೆದುಕೊಂಡು ಹೋಗಿ. ಬೀಜ ಕೊಂಡ ಹಾಗೂ ಆಯಿತು, ಕಾಲೇಜು ನೋಡಿದ ಹಾಗೂ ಆಯಿತು. ಅಲ್ಲಿ ಕಲಿಯುತ್ತಿರುವ ಮಕ್ಕಳನ್ನೇ ಹಿಡಿದು ಕೇಳಿ:

• ಮೊದಲ ವರ್ಷದವರಿಗೆಲ್ಲ ಹಾಸ್ಟೆಲ್ ಸಿಗುತ್ತದೆಯೇ? ಹೆಣ್ಣುಮಕ್ಕಳ ಹಾಸ್ಟೆಲ್ ಆವರಣದ ಒಳಗಿದೆಯೇ?
• ಕಳೆದ ತಿಂಗಳ ಮೆಸ್ ಬಿಲ್ ಎಷ್ಟು ಬಂತು?
• ಪ್ರಾಯೋಗಿಕ ಪಾಠಕ್ಕೆ ಹೊಲಕ್ಕೆ ವಾರಕ್ಕೆ ಎಷ್ಟು ಸಲ ಹೋಗುತ್ತೀರಿ? ನಿಮ್ಮ ಪಾಲಿನ ತುಂಡು ಹೊಲ ಇದೆಯೇ, ಏನು ಬೆಳೆದಿದ್ದೀರಿ?
• ರಾವೆಗೆ ಯಾವ ಹಳ್ಳಿಗಳಿಗೆ ಕಳಿಸುತ್ತಾರೆ?
• ಯಾವ ವಿಷಯಕ್ಕೆ ಕಲಿಸುವವರು ಕಡಿಮೆ ಇದ್ದಾರೆ?
• ಕಾಲೇಜಿಗೆ ಐಸಿಎಆರ್ ಮಾನ್ಯತೆ ಯಾವ ವರ್ಷದ ತನಕ ಇದೆ?
• ಯಾವ ಯಾವ ವಿದ್ಯಾರ್ಥಿವೇತನ ಬರುತ್ತವೆ, ಬಂದದ್ದು ಯಾವಾಗ?
• ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಕಲಿಯಲು ಯಾರಾದರೂ ನೆರವಾಗುತ್ತಾರೆಯೇ?